ಸ್ವಂತ ಇಮೇಲ್ ಸರ್ವರ್, ತಾನಾಗಿ ನವೀಕರಣಗೊಳ್ಳುವ ಸರ್ಟಿಫಿಕೇಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ಮೇಲ್ ಸರ್ವರ್ ಕಟ್ಟಲು ಹೊರಟವರೂ, ಕಟ್ಟಿ ಮೂರು ತಿಂಗಳಾಗುವಷ್ಟರಲ್ಲಿ ಸರ್ಟಿಫಿಕೇಟಿನ ತೊಂದರೆಗೆ ಸಿಕ್ಕವರೂ ಕೇಳುವ ಪ್ರಶ್ನೆಗಳಿವು. ಸರ್ಟಿಫಿಕೇಟ್ ಎಂದರೆ 'ಈ ಹೆಸರಿನ ಸರ್ವರ್ ಇದೇ' ಎಂದು ಸಾಬೀತುಪಡಿಸುವ, ಅವಧಿಯಿರುವ ಡಿಜಿಟಲ್ ಪತ್ರ. ಲಿನಕ್ಸ್‌ನ ಕಮಾಂಡ್ ಲೈನ್ ಬಳಸಿ ಗೊತ್ತಿದೆ, ಡಿಎನ್‌ಎಸ್ ಏನು ಕೆಲಸ ಮಾಡುತ್ತದೆ ಎಂಬ ಅಂದಾಜಿದೆ ಎಂದುಕೊಂಡು ಬರೆದಿದ್ದೇನೆ. ಉದಾಹರಣೆಗೆ ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವುದು), ಡವ್‌ಕಾಟ್ (ಮೇಲ್ ಇಟ್ಟುಕೊಂಡು ಫೋನಿಗೆ ಕೊಡುವುದು), ಸರ್ಟ್‌ಬಾಟ್ (ಸರ್ಟಿಫಿಕೇಟ್ ತಂದು ನವೀಕರಿಸುವುದು) ಮೂರನ್ನು ಹಿಡಿದಿದ್ದೇನೆ. ಬೇರೆ ತಂತ್ರಾಂಶ ಬಳಸುವವರಿಗೂ ವಿಷಯ ಹೆಚ್ಚುಕಡಿಮೆ ಇದೇ.

## ದೊಡ್ಡ ಕಂಪನಿಗಳ ಮೇಲ್ ಸೇವೆ ಇರುವಾಗ ಸ್ವಂತ ಸರ್ವರ್ ಯಾಕೆ?

ನಿಮ್ಮ ಬ್ಯಾಂಕ್, ತೆರಿಗೆ, ಆಸ್ಪತ್ರೆ, ಕೆಲಸ, ಎಲ್ಲದರ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಇಮೇಲ್‌ಗೆ. ಆ ಖಾತೆಯನ್ನು ಒಂದು ದಿನ ಯಾವುದೋ ಸ್ವಯಂಚಾಲಿತ ನಿಯಮ ಮುಚ್ಚಿಬಿಟ್ಟರೆ ಕೇಳಲು ಆಚೆ ಕಡೆ ಮನುಷ್ಯರೇ ಸಿಗದಿರಬಹುದು. ಸ್ವಂತ ಸರ್ವರ್‌ನಲ್ಲಿ ಮೇಲ್ ನಿಮ್ಮ ಡಿಸ್ಕಿನಲ್ಲಿರುತ್ತದೆ, ಲಾಗ್ ನಿಮ್ಮ ಕಣ್ಣೆದುರಿಗಿರುತ್ತದೆ, ಎಷ್ಟು ವಿಳಾಸ ಬೇಕಾದರೂ ಮಾಡಿಕೊಳ್ಳಬಹುದು. ಒಂದು ಪತ್ರ ಎಲ್ಲಿ ನಿಂತಿತು, ಯಾರು ತಿರಸ್ಕರಿಸಿದರು, ಯಾವ ಕಾರಣ ಕೊಟ್ಟರು ಎಂಬುದೆಲ್ಲ ಲಾಗ್‌ನ ಒಂದೊಂದು ಸಾಲಿನಲ್ಲಿ ಸಿಗುತ್ತದೆ. ಬೇರೆಯವರ ಸೇವೆಯಲ್ಲಿ ಅಷ್ಟು ವಿವರ ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

ಇದರ ಜತೆಗೆ ಜವಾಬ್ದಾರಿಯೂ ನಿಮ್ಮದೇ. ತಿಂಗಳಿಗೆ ಕೆಲವು ಗಂಟೆ ಕೊಡಲಾಗದು ಎಂದಾದರೆ ಡೊಮೈನ್ ಮಾತ್ರ ಸ್ವಂತಕ್ಕೆ ಇಟ್ಟುಕೊಂಡು, ಮೇಲ್ ನಡೆಸುವ ಕೆಲಸವನ್ನು ಹಣ ಕೊಟ್ಟು ಬೇರೆಯವರಿಗೆ ಬಿಡಿ. ಅದು ಸೋಲಲ್ಲ. ವಿಳಾಸ ನಿಮ್ಮ ಡೊಮೈನಿನದಾಗಿದ್ದರೆ ನಾಳೆ ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು.

## ಮನೆಯ ಇಂಟರ್ನೆಟ್ ಸಂಪರ್ಕದಲ್ಲೇ ನಡೆಸಬಹುದೇ?

ಬರುವ ಮೇಲ್ ಪಡೆಯಲು ಅಡ್ಡಿಯಿಲ್ಲದಿದ್ದರೂ ಕಳಿಸುವುದು ಬಹುಪಾಲು ಆಗದು. ಮನೆ ಸಂಪರ್ಕಗಳ ಐಪಿ ವಿಳಾಸ ಆಗಾಗ ಬದಲಾಗುತ್ತಿರುತ್ತದೆ, ಸರ್ವರ್‌ಗಳ ನಡುವೆ ಮೇಲ್ ಓಡಾಡುವ ಪೋರ್ಟ್ 25ನ್ನು ಸೇವಾದಾರರು ಮುಚ್ಚಿರುತ್ತಾರೆ. ಸ್ಪ್ಯಾಮ್ ತಡೆಯಲು ಐಪಿ ಪಟ್ಟಿಗಳನ್ನು ಇಡುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಎಂಬ ಪಟ್ಟಿ ಇರುವುದೇ ಇಂಥ ಐಪಿ ಶ್ರೇಣಿಗಳನ್ನು ಗುರುತಿಸಲು. ಅದರಲ್ಲಿರುವ ವಿಳಾಸದಿಂದ ನೇರವಾಗಿ ಬಂದ ಮೇಲ್ ಅನ್ನು ಹೆಚ್ಚಿನ ಸರ್ವರ್‌ಗಳು ಬಾಗಿಲಲ್ಲೇ ತಿರುಗಿಸುತ್ತವೆ.

ಸ್ಥಿರ ಐಪಿ ಇರುವ ಬಾಡಿಗೆ ಸರ್ವರ್ ಒಂದನ್ನು ಹಿಡಿಯುವುದು ವಾಸಿ. ಹಣ ಕಟ್ಟುವ ಮುನ್ನ ಮೂರು ವಿಷಯ ಕೇಳಿ: ಹೊರಹೋಗುವ ಪೋರ್ಟ್ 25 ತೆರೆದಿದೆಯೇ, ಐಪಿಯ ಹಿಮ್ಮುಖ ಡಿಎನ್‌ಎಸ್ ದಾಖಲೆಯನ್ನು (ಐಪಿಯಿಂದ ಹೆಸರು ತಿಳಿಸುವುದು) ನಾವೇ ಬರೆಯಬಹುದೇ, ಕೊಡುವ ಐಪಿ ಕಪ್ಪುಪಟ್ಟಿಯಲ್ಲಿದ್ದರೆ ಬದಲಿಸಿ ಕೊಡುತ್ತೀರಾ. ಗೂಗಲ್ ಕ್ಲೌಡ್, ಅಮೆಜಾನ್ ಇಸಿ2, ಡಿಜಿಟಲ್ ಓಷನ್ ಮೂರೂ ಹೊರಹೋಗುವ 25ನ್ನು ಮೊದಲಿನಿಂದಲೇ ತಡೆದಿರುತ್ತವೆ.

## ಯಾವ ತಂತ್ರಾಂಶ ಆರಿಸಿಕೊಳ್ಳಲಿ?

ಒಂದೊಂದು ಭಾಗವನ್ನೂ ಅರ್ಥಮಾಡಿಕೊಂಡು ಕಟ್ಟಬೇಕೆಂದರೆ ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆಯಲ್ಲಿಟ್ಟು ಫೋನಿಗೆ ಕೊಡಲು ಡವ್‌ಕಾಟ್, ಸ್ಪ್ಯಾಮ್ ಸೋಸಲು ಆರ್‌ಸ್ಪ್ಯಾಮ್‌ಡಿ. ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಟ್ಟಿರುವ ಮೇಲ್‌ಕೌ, ಮೇಲ್-ಇನ್-ಎ-ಬಾಕ್ಸ್, ಮೇಲು, ಸ್ಟಾಲ್‌ವರ್ಟ್ ಕೂಡ ಚೆನ್ನಾಗಿವೆ. ಸರ್ಟಿಫಿಕೇಟ್ ಕೆಲಸವನ್ನೂ ಇವು ತಾವೇ ನೋಡಿಕೊಳ್ಳುತ್ತವೆ. ಆದರೂ ಮುಂದಿನ ಪ್ರಶ್ನೆಗಳನ್ನು ಓದಿ. ಕೆಟ್ಟಾಗ ಎಲ್ಲಿ ಕೈಹಾಕಬೇಕು ಎಂಬುದು ಪೊಟ್ಟಣದ ಒಳಗಿರುವುದು ಗೊತ್ತಿದ್ದವರಿಗೆ ಮಾತ್ರ ಹೊಳೆಯುತ್ತದೆ.

## ಡಿಎನ್‌ಎಸ್‌ನಲ್ಲಿ ಏನೇನು ಬರೆಯಬೇಕು?

ಡೊಮೈನಿನ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ನಿಮ್ಮ ಸರ್ವರ್‌ನ ಹೆಸರನ್ನು ತೋರಿಸಬೇಕು. ಆ ಹೆಸರಿಗೆ ನೇರ ಐಪಿ ದಾಖಲೆ ಇರಬೇಕು, ಇನ್ನೊಂದು ಹೆಸರಿನತ್ತ ಕಳಿಸುವ ಸಿನೇಮ್ ದಾಖಲೆ ಇರಬಾರದು. ಐಪಿಯ ಹಿಮ್ಮುಖ ದಾಖಲೆ ಮತ್ತೆ ಅದೇ ಹೆಸರಿಗೆ ಬರಬೇಕು. ಯಾವ ಐಪಿಗಳಿಗೆ ನಿಮ್ಮ ಪರವಾಗಿ ಕಳಿಸುವ ಹಕ್ಕಿದೆ ಎಂದು ಎಸ್‌ಪಿಎಫ್ ಹೇಳುತ್ತದೆ. ಅದನ್ನು ಪರಿಶೀಲಿಸುವಾಗ ಹತ್ತಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಬೇಕಾದರೆ ಇಡೀ ದಾಖಲೆಯೇ ದೋಷವೆಂದಾಗುತ್ತದೆ. ಪ್ರತಿ ಪತ್ರಕ್ಕೂ ಸಹಿ ಹಾಕುವುದು ಡಿಕಿಮ್. ಇವೆರಡೂ ಹೊಂದದಿದ್ದರೆ ಏನು ಮಾಡಬೇಕು ಎಂದು ಎದುರಿನ ಸರ್ವರ್‌ಗೆ ತಿಳಿಸುವುದು ಡಿಮಾರ್ಕ್.

ಡಿಕಿಮ್‌ನಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಸಹಿಯನ್ನು ಪರಿಶೀಲಿಸಲು ಡಿಎನ್‌ಎಸ್‌ನಲ್ಲಿ ಬರೆಯುವ 2048 ಬಿಟ್‌ನ ಸಾರ್ವಜನಿಕ ಕೀಲಿ 255 ಅಕ್ಷರಕ್ಕಿಂತ ಉದ್ದ. ಅದನ್ನು ಹಾಕುವ ಟಿಎಕ್ಸ್‌ಟಿ (ಪಠ್ಯ) ದಾಖಲೆಯ ಒಂದು ತುಂಡಿನಲ್ಲಿ 255ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹಾಗಾಗಿ ಕೀಲಿಯನ್ನು ಎರಡು ಉದ್ಧರಣ ಚಿಹ್ನೆಗಳ ಜೋಡಿಯೊಳಗೆ ಮುರಿದು ಬರೆಯಬೇಕು. ಕೆಲವು ಡಿಎನ್‌ಎಸ್ ಸೇವೆಗಳು ಅದನ್ನು ತಾವೇ ಮಾಡುತ್ತವೆ, ಕೆಲವು ಬಾಲ ಕತ್ತರಿಸಿ ಸುಮ್ಮನಾಗುತ್ತವೆ. ಬರೆದಾದ ಮೇಲೆ ಹೊರಗಿನ ಒಂದು ಯಂತ್ರದಿಂದ ದಾಖಲೆಯನ್ನು ಕೇಳಿ, ಬಂದ ಉತ್ತರವನ್ನು ಮೂಲ ಕೀಲಿಯೊಂದಿಗೆ ಕೊನೆಯ ಅಕ್ಷರದವರೆಗೂ ಹೋಲಿಸಿ ನೋಡಿ.

## ಎಲ್ಲ ಸರಿಯಿದ್ದರೂ ನನ್ನ ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ. ಯಾಕೆ?

ಹೊಸ ಐಪಿ, ಹೊಸ ಡೊಮೈನ್ ಎಂದರೆ ಯಾರಿಗೂ ಪರಿಚಯವಿಲ್ಲದ ಮುಖ. ಕೆಲವು ವಾರ ಪರಿಚಯದವರಿಗೆ ಸ್ವಲ್ಪ ಸ್ವಲ್ಪವೇ ಕಳಿಸಿ, ಅವರು ಉತ್ತರ ಬರೆಯಲಿ, ಸ್ಪ್ಯಾಮ್‌ಗೆ ಹೋಗಿದ್ದನ್ನು ಅಲ್ಲಿಂದ ತೆಗೆಯಲಿ. 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳಿಸುವವರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್, ಸರಿಯಾದ ಹಿಮ್ಮುಖ ದಾಖಲೆ, ಟಿಎಲ್‌ಎಸ್ (ಗೂಢಲಿಪಿಯ) ಸಂಪರ್ಕ ಕೇಳುತ್ತಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ನೀವು ದಿನಕ್ಕೆ ಐದು ಪತ್ರ ಬರೆಯುವವರಾದರೂ ಮೂರನ್ನೂ ಹಾಕಿಬಿಡಿ.

ಐಪಿ ವಿಳಾಸದ ಹೊಸ ಬಗೆಯಾದ ಐಪಿವಿ6 ಬಗ್ಗೆ ಒಂದು ಎಚ್ಚರಿಕೆ. ಸರ್ವರ್‌ಗೆ ಐಪಿವಿ6 ವಿಳಾಸವಿದ್ದರೆ ಪೋಸ್ಟ್‌ಫಿಕ್ಸ್ ಅದರ ಮೂಲಕವೂ ಕಳಿಸುತ್ತದೆ. ಅದಕ್ಕೆ ಹಿಮ್ಮುಖ ದಾಖಲೆ ಬರೆಯಲು ಮರೆತಿದ್ದರೆ ಕೆಲವು ಪತ್ರ ತಲುಪುತ್ತವೆ, ಕೆಲವು ತಿರಸ್ಕೃತವಾಗುತ್ತವೆ. ಕಾರಣ ಮಾತ್ರ ಬೇಗ ಹೊಳೆಯುವುದಿಲ್ಲ.

ಬರುವ ಮೇಲ್‌ನ ಕಡೆಯೂ ಇಂಥದೊಂದು ಗುಂಡಿಯಿದೆ. ಮೇಲ್ ತಂದ ಐಪಿ ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲಿದೆಯೇ ಎಂದು ನಿಮ್ಮ ಸರ್ವರ್ ಗೂಗಲ್‌ನ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ 127.255.255.254 ಎಂಬ ದೋಷಸೂಚಕ ಉತ್ತರ ಕೊಡುತ್ತದೆ. ಯಾವ ಉತ್ತರ ಬಂದರೂ 'ಪಟ್ಟಿಯಲ್ಲಿದೆ' ಎಂದೇ ಓದಿಕೊಳ್ಳುವಂತೆ ಸರ್ವರ್ ಹೊಂದಿಸಿದ್ದರೆ ಲೋಕದ ಎಲ್ಲ ಮೇಲ್ ಅನ್ನೂ ಅದು ತಿರಸ್ಕರಿಸುತ್ತದೆ. ಸರ್ವರ್‌ನಲ್ಲೇ ಅನ್‌ಬೌಂಡ್‌ನಂಥ ಒಂದು ಸ್ವಂತ ಡಿಎನ್‌ಎಸ್ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ತಂತ್ರಾಂಶ) ಓಡಿಸಿ.

## ಮೇಲ್ ಸರ್ವರ್‌ಗೆ ಸರ್ಟಿಫಿಕೇಟ್ ಯಾಕೆ? ಅವಧಿ ಮುಗಿದರೆ ಏನಾಗುತ್ತದೆ?

ಇಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ನಿಮ್ಮ ಫೋನ್ ಸರ್ವರ್‌ಗೆ ಮಾತಾಡುವುದು ಪೋರ್ಟ್ 993ರಲ್ಲಿ ಓದಲು, 465 ಅಥವಾ 587ರಲ್ಲಿ ಕಳಿಸಲು. ಫೋನ್ ಸರ್ಟಿಫಿಕೇಟನ್ನು ಕಟ್ಟುನಿಟ್ಟಾಗಿ ನೋಡುತ್ತದೆ. ಅವಧಿ ಮುಗಿದ ಕ್ಷಣದಿಂದ ಎಚ್ಚರಿಕೆ ಪರದೆ ಬರುತ್ತದೆ, ಮೇಲ್ ನಿಲ್ಲುತ್ತದೆ.

ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವುದು ಪೋರ್ಟ್ 25ರಲ್ಲಿ. ಅಲ್ಲಿ ಮಾಮೂಲಿ ನಡೆಯುವುದು 'ಸಿಕ್ಕರೆ ಟಿಎಲ್‌ಎಸ್' ಎಂಬ ಪದ್ಧತಿ. ಎದುರಿನವರು ನಿಮ್ಮ ಸರ್ಟಿಫಿಕೇಟಿನ ಹೆಸರು, ಅವಧಿ ಯಾವುದನ್ನೂ ಪರಿಶೀಲಿಸದೆ ಸಂಪರ್ಕವನ್ನು ಗೂಢಲಿಪಿಯಲ್ಲಿ ಸಾಗಿಸುತ್ತಾರೆ. ಹೀಗಾಗಿ ಸರ್ಟಿಫಿಕೇಟ್ ಸತ್ತು ವಾರವಾದರೂ ಹೊರಗಿನಿಂದ ಮೇಲ್ ಬರುತ್ತಲೇ ಇರಬಹುದು, ಮನೆಯವರ ಫೋನ್‌ಗಳಲ್ಲಿ ಮಾತ್ರ ಏನೂ ಕಾಣದು. ಸರಿಯಾದ ಟಿಎಲ್‌ಎಸ್ ಇಲ್ಲದೆ ನನಗೆ ಮೇಲ್ ಕಳಿಸಬೇಡಿ ಎಂದು ಸಾರುವ ಎಂಟಿಎ-ಎಸ್‌ಟಿಎಸ್ ಕಡ್ಡಾಯ ಮಾಡಿದ್ದರೆ ಕಥೆ ಬೇರೆ, ಕೆಳಗೆ ನೋಡಿ.

## ನಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್ ಸಾಲದೇ?

ಬೇಡ. 'ಎಚ್ಚರಿಕೆ ಬಂದರೆ ಒಪ್ಪಿಕೋ' ಎಂದು ಮನೆಯವರಿಗೆ ಒಮ್ಮೆ ಕಲಿಸಿಬಿಟ್ಟರೆ, ಯಾರೋ ನಡುವೆ ನಿಂತು ಕದ್ದು ಓದುವ ದಿನವೂ ಅವರು ಒಪ್ಪಿಕೊಳ್ಳುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಪ್ರಾಧಿಕಾರ (ಸರ್ಟಿಫಿಕೇಟಿಗೆ ಸಹಿ ಹಾಕಿ ಕೊಡುವ ಸಂಸ್ಥೆ) 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಸರ್ಟಿಫಿಕೇಟನ್ನು ಉಚಿತವಾಗಿ ಕೊಡುತ್ತಿದೆ. ಸರ್ಟಿಫಿಕೇಟನ್ನು ಸ್ವಯಂಚಾಲಿತವಾಗಿ ಕೊಡಲು ಅದು ಬಳಸುವ ಆಕ್ಮೆ ಎಂಬ ವಿಧಾನ 2019ರಲ್ಲಿ ಆರ್‌ಎಫ್‌ಸಿ 8555 ಎಂಬ ಇಂಟರ್ನೆಟ್ ಮಾನದಂಡವಾಗಿ ಅಧಿಕೃತವಾಯಿತು. ಇವತ್ತು ಬೇರೆ ಪ್ರಾಧಿಕಾರಗಳೂ ಅದೇ ವಿಧಾನದಲ್ಲಿ ಸರ್ಟಿಫಿಕೇಟ್ ಕೊಡುತ್ತವೆ.

## ಸರ್ಟಿಫಿಕೇಟ್ ಯಾವ ಹೆಸರಿಗೆ ಬೇಕು?

ಫೋನಿನ ಸೆಟ್ಟಿಂಗ್‌ನಲ್ಲಿ ಸರ್ವರ್ ಎಂದು ಯಾವ ಹೆಸರು ಬರೆಯುತ್ತೀರೋ, ಎಂಎಕ್ಸ್ ದಾಖಲೆಯಲ್ಲಿ ಯಾವ ಹೆಸರಿದೆಯೋ ಅದಕ್ಕೆ. ವಿಳಾಸದಲ್ಲಿ ಅಟ್ ಚಿಹ್ನೆಯ ನಂತರ ಬರುವ ಡೊಮೈನಿಗೆ ಅಲ್ಲ. ಹತ್ತು ಡೊಮೈನುಗಳ ಮೇಲ್ ಅನ್ನು ಒಂದೇ ಸರ್ವರ್ ನೋಡಿಕೊಂಡರೂ ಎಲ್ಲಕ್ಕೂ ಒಂದೇ ಸರ್ವರ್ ಹೆಸರು, ಒಂದೇ ಸರ್ಟಿಫಿಕೇಟ್ ಸಾಕು. ಕೊಟ್ಟ ಪ್ರತಿ ಸರ್ಟಿಫಿಕೇಟೂ ಸಾರ್ವಜನಿಕ ದಾಖಲೆ ಪುಸ್ತಕಗಳಲ್ಲಿ ಸೇರುತ್ತದೆ, ಗುಟ್ಟಾಗಿಡಬೇಕಾದ ಹೆಸರುಗಳನ್ನು ಅದರಲ್ಲಿ ಹಾಕಬೇಡಿ.

## ಡೊಮೈನ್ ನನ್ನದೇ ಎಂದು ತೋರಿಸಲು ಯಾವ ವಿಧಾನ ಒಳ್ಳೆಯದು?

ಎಚ್‌ಟಿಟಿಪಿ-01 ವಿಧಾನದಲ್ಲಿ ಪ್ರಾಧಿಕಾರ ನಿಮ್ಮ ಸರ್ವರ್‌ನ ಪೋರ್ಟ್ 80ಕ್ಕೆ ಬಂದು ಒಂದು ಪುಟ್ಟ ಫೈಲ್ ಓದುತ್ತದೆ. ಮೇಲ್ ಮಾತ್ರ ಇರುವ ಯಂತ್ರದಲ್ಲಿ ವೆಬ್ ಸರ್ವರ್ ಇರುವುದಿಲ್ಲವಲ್ಲ ಎಂದು ಅಂಜಬೇಕಿಲ್ಲ, ಸರ್ಟ್‌ಬಾಟ್ ಸ್ಟ್ಯಾಂಡ್‌ಅಲೋನ್ ವಿಧಾನದಲ್ಲಿ ತಾನೇ ಕೆಲವು ಕ್ಷಣ 80ರಲ್ಲಿ ಕೂತು ಉತ್ತರ ಕೊಟ್ಟು ಎದ್ದುಹೋಗುತ್ತದೆ. ಫೈರ್‌ವಾಲ್‌ನಲ್ಲಿ 80 ಸದಾ ತೆರೆದಿರಲಿ. ಮೊದಲ ಸಲ ತೆರೆದು ಆಮೇಲೆ 'ಸುರಕ್ಷತೆಗೆ' ಎಂದು ಮುಚ್ಚುವವರು ಬಹಳ, ಅವರ ನವೀಕರಣ ಮುಂದಿನ ಸಲ ಸದ್ದಿಲ್ಲದೆ ಸೋಲುತ್ತದೆ.

ಡಿಎನ್‌ಎಸ್-01 ವಿಧಾನದಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ಬರೆದು ತೋರಿಸಬೇಕು. ಯಾವ ಪೋರ್ಟೂ ತೆರೆಯಬೇಕಿಲ್ಲ, ಡೊಮೈನಿನ ಎಲ್ಲ ಉಪಹೆಸರುಗಳಿಗೂ ಸಲ್ಲುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಬೇಕಾದರೆ ಇವೆರಡರಲ್ಲಿ ಇದೊಂದೇ ದಾರಿ. ಅಪಾಯ ಇರುವುದು ಆ ದಾಖಲೆಯನ್ನು ಸರ್ಟ್‌ಬಾಟ್ ತಾನೇ ಬರೆಯಲು ಬೇಕಾದ ಎಪಿಐ ಟೋಕನ್‌ನಲ್ಲಿ, ಅಂದರೆ ಡಿಎನ್‌ಎಸ್ ಸೇವೆಯ ಗುಪ್ತ ಕೀಲಿಯಲ್ಲಿ. ಇಡೀ ಡೊಮೈನಿನ ಡಿಎನ್‌ಎಸ್ ಬದಲಿಸಬಲ್ಲ ಟೋಕನ್ ಸರ್ವರ್‌ನಲ್ಲಿ ಬಿದ್ದಿದ್ದರೆ, ಸರ್ವರ್‌ಗೆ ನುಗ್ಗಿದವರು ನಿಮ್ಮ ಎಂಎಕ್ಸನ್ನೇ ತಿರುಗಿಸಿಕೊಳ್ಳಬಹುದು. ಪರಿಶೀಲನೆಯ ಆ ಒಂದು ಹೆಸರನ್ನು ಮಾತ್ರ ಸಿನೇಮ್ ಮೂಲಕ ಬೇರೊಂದು ಚಿಕ್ಕ ವಲಯಕ್ಕೆ ಒಪ್ಪಿಸಿ, ಆ ವಲಯದ ಟೋಕನ್ ಮಾತ್ರ ಸರ್ವರ್‌ನಲ್ಲಿಡಿ. ಒಂದೇ ಸರ್ವರ್, ಒಂದೇ ಹೆಸರು ಇದ್ದರೆ ನನ್ನ ಮತ ಎಚ್‌ಟಿಟಿಪಿ-01ಕ್ಕೆ.

## ಸರ್ಟ್‌ಬಾಟ್ ನವೀಕರಿಸಿದೆ ಅನ್ನುತ್ತಿದೆ, ಫೋನ್ ಮಾತ್ರ ಅವಧಿ ಮುಗಿದಿದೆ ಅನ್ನುತ್ತಿದೆ. ಯಾರು ಸರಿ?

ಇಬ್ಬರೂ ಸರಿ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ನವೀಕರಣ ಎಂದರೆ ಡಿಸ್ಕಿನಲ್ಲಿ ಹೊಸ ಫೈಲ್ ಬಂತು ಎಂದಷ್ಟೇ. ಓಡುತ್ತಿರುವ ಡವ್‌ಕಾಟ್ ತಾನು ಶುರುವಾದಾಗ ಓದಿಕೊಂಡ ಹಳೆಯ ಸರ್ಟಿಫಿಕೇಟನ್ನೇ ಮೆಮೊರಿಯಲ್ಲಿ ಇಟ್ಟುಕೊಂಡು ಎಲ್ಲರಿಗೂ ತೋರಿಸುತ್ತಿರುತ್ತದೆ. 'ರೀಲೋಡ್' ಎಂದು ಹೇಳುವವರೆಗೂ ಅದಕ್ಕೆ ಹೊಸದರ ಸುಳಿವೇ ಇಲ್ಲ. ಪೋಸ್ಟ್‌ಫಿಕ್ಸ್‌ನ ರೀತಿ ಬೇರೆ. ಅದರ ಒಳಗಿನ ಕೆಲಸಗಾರ ಪ್ರಕ್ರಿಯೆಗಳು ನೂರು ಸಂಪರ್ಕ ನೋಡಿಕೊಂಡ ಮೇಲೆ ಅಥವಾ ನೂರು ಸೆಕೆಂಡ್ ಸುಮ್ಮನೆ ಕೂತ ಮೇಲೆ ತಾವಾಗಿ ಮುಗಿಯುತ್ತವೆ, ಹೊಸದಾಗಿ ಹುಟ್ಟಿದವು ಹೊಸ ಫೈಲ್ ಓದುತ್ತವೆ. ಅದಕ್ಕೇ ಪೋರ್ಟ್ 25ರಲ್ಲಿ ಹೊಸ ಸರ್ಟಿಫಿಕೇಟ್, 993ರಲ್ಲಿ ಹಳೆಯದು ಎಂಬ ವಿಚಿತ್ರ ಸ್ಥಿತಿ ಬರುತ್ತದೆ. 25ನ್ನು ಮಾತ್ರ ಪರೀಕ್ಷಿಸಿದವರು ಎಲ್ಲ ಸರಿಯಿದೆ ಎಂದು ಮಲಗಿಬಿಡುತ್ತಾರೆ.

ಪರಿಹಾರ ಡಿಪ್ಲಾಯ್ ಹುಕ್, ಅಂದರೆ ನವೀಕರಣವಾದ ಕೂಡಲೇ ಸರ್ಟ್‌ಬಾಟ್ ಓಡಿಸುವ ಸ್ಕ್ರಿಪ್ಟ್. ಸರ್ಟ್‌ಬಾಟ್‌ನ ಸಂರಚನಾ ಕಡತಕೋಶದೊಳಗೆ ನವೀಕರಣದ ಹುಕ್‌ಗಳಿಗೆಂದೇ ಒಂದು ಕಡತಕೋಶವಿದೆ, ಅದರೊಳಗೆ ಡಿಪ್ಲಾಯ್ ಎಂಬುದು. ಪೋಸ್ಟ್‌ಫಿಕ್ಸ್ ರೀಲೋಡ್, ಡವ್‌ಕಾಟ್ ರೀಲೋಡ್ ಎಂಬ ಎರಡು ಸಾಲಿನ ಸ್ಕ್ರಿಪ್ಟ್ ಅಲ್ಲಿಟ್ಟು, ಓಡಿಸುವ ಅನುಮತಿ ಕೊಡಿ. ಅನುಮತಿ ಕೊಡುವುದನ್ನು ಮರೆತರೆ ಅದು ಇದ್ದೂ ಇಲ್ಲದಂತೆ. ಸರ್ಟಿಫಿಕೇಟ್ ನಿಜವಾಗಿ ಬದಲಾದಾಗ ಮಾತ್ರ ಈ ಸ್ಕ್ರಿಪ್ಟ್ ಓಡುತ್ತದೆ.

ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ. ಸರ್ಟ್‌ಬಾಟ್‌ನ ಡ್ರೈ-ರನ್ (ತಾಲೀಮು ಓಟ) ಪ್ರಾಧಿಕಾರದೊಂದಿಗಿನ ಮಾತುಕತೆಯನ್ನು ಪರೀಕ್ಷಿಸುತ್ತದೆ, ಆದರೆ ಮಾಮೂಲಿಯಾಗಿ ಡಿಪ್ಲಾಯ್ ಹುಕ್ ಅನ್ನು ಓಡಿಸುವುದಿಲ್ಲ. ಅದು 'ಯಶಸ್ವಿ' ಎಂದದ್ದನ್ನು ನೋಡಿ ಹುಕ್ ಸರಿಯಿದೆ ಎಂದುಕೊಳ್ಳುವಂತಿಲ್ಲ. ಸ್ಕ್ರಿಪ್ಟನ್ನು ಕೈಯಾರೆ ಒಮ್ಮೆ ಓಡಿಸಿ, ಲಾಗ್‌ನಲ್ಲಿ ಎರಡೂ ರೀಲೋಡ್ ಆದದ್ದನ್ನು ಕಣ್ಣಾರೆ ನೋಡಿ.

ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದೊಳಗೆ ಓಡಿಸುವ ಡಾಕರ್ ಬಳಸುವವರಿಗೆ ಇನ್ನೊಂದು ಮಾತು. ಸರ್ಟ್‌ಬಾಟ್‌ನ ಲೈವ್ ಎಂಬ ಕಡತಕೋಶದಲ್ಲಿರುವುದು ಫೈಲ್‌ಗಳಲ್ಲ, ಆರ್ಕೈವ್ ಕಡತಕೋಶದತ್ತ ಬೆರಳು ಮಾಡುವ ಕೊಂಡಿಗಳು. ಲೈವ್ ಒಂದನ್ನೇ ಕಂಟೇನರ್ ಒಳಗೆ ಜೋಡಿಸಿದರೆ ಕೊಂಡಿ ಸಿಗುತ್ತದೆ, ಸರ್ಟಿಫಿಕೇಟ್ ಸಿಗುವುದಿಲ್ಲ. ಎರಡಕ್ಕೂ ಮೇಲಿನ ಕಡತಕೋಶವನ್ನೇ ಓದಲು ಮಾತ್ರ ಎಂದು ಜೋಡಿಸಿ, ರೀಲೋಡ್ ಆಜ್ಞೆ ಕಂಟೇನರ್ ಒಳಕ್ಕೆ ತಲುಪುವಂತೆ ಹುಕ್ ಬರೆಯಿರಿ.

ಸಂರಚನೆಯಲ್ಲಿ ಕೊಡಬೇಕಾದದ್ದು ಫುಲ್‌ಚೈನ್ ಫೈಲ್. ಬರೀ ಸರ್ಟ್ ಫೈಲ್ ಕೊಟ್ಟರೆ ನಿಮ್ಮ ಸರ್ಟಿಫಿಕೇಟನ್ನು ಪ್ರಾಧಿಕಾರದ ಮೂಲಕ್ಕೆ ಜೋಡಿಸುವ ನಡುವಿನ ಸರ್ಟಿಫಿಕೇಟ್ ಕಳಿಸದೆ ಹೋಗುತ್ತದೆ. ಕೆಲವು ಫೋನ್‌ಗಳಲ್ಲಿ ನಡೆದು, ಕೆಲವುದರಲ್ಲಿ ನಡೆಯದೆ ಕಾಡುವ ತೊಂದರೆಗೆ ಇದೇ ಮೂಲವಾಗಿರುವುದು ಹೆಚ್ಚು.

## ಕೈಯಿಂದಲೇ ನವೀಕರಿಸಿದರೆ ಏನು ನಷ್ಟ? ವರ್ಷಕ್ಕೆ ನಾಲ್ಕು ಸಲ ತಾನೇ?

ಆ ನಾಲ್ಕು ಸಲದ ಲೆಕ್ಕ ಹೆಚ್ಚು ಕಾಲ ಉಳಿಯುವುದಿಲ್ಲ. ಪ್ರಾಧಿಕಾರಗಳೂ ಬ್ರೌಸರ್ ತಯಾರಕರೂ ಸೇರಿದ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದಂತೆ ಸಾರ್ವಜನಿಕ ಸರ್ಟಿಫಿಕೇಟಿನ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಲೆಟ್ಸ್ ಎನ್‌ಕ್ರಿಪ್ಟ್ ಮೊದಲಿನಿಂದ ಕೊಡುತ್ತ ಬಂದದ್ದು 90 ದಿನದ್ದು, ಆರೇ ದಿನ ಬಾಳುವ ಬಗೆಯನ್ನೂ ಅದು ತಂದಿದೆ. ಕೀಲಿ ಕಳುವಾದರೆ ಕಳ್ಳನಿಗೆ ಅದು ಕಡಿಮೆ ದಿನ ಉಪಯೋಗಕ್ಕೆ ಬರಲಿ ಎಂಬುದು ಇದರ ಒಂದು ಉದ್ದೇಶ, ಅದು ಸರಿಯಾದದ್ದೇ.

ನವೀಕರಣದ ದಿನವನ್ನು ಕ್ಯಾಲೆಂಡರ್ ನೋಡಿ ನೀವು ಗೊತ್ತು ಮಾಡಬೇಡಿ. ಸರ್ಟ್‌ಬಾಟ್‌ನ ಟೈಮರ್ ದಿನಕ್ಕೆರಡು ಸಲ ಎದ್ದು ನೋಡುತ್ತದೆ, ಬೇಕಿಲ್ಲದಿದ್ದರೆ ಸುಮ್ಮನೆ ಮಲಗುತ್ತದೆ. ಅದನ್ನು ಅದರ ಪಾಡಿಗೆ ಬಿಡಿ.

## ನವೀಕರಣ ಸೋತರೆ ನನಗೆ ತಿಳಿಯುವುದು ಹೇಗೆ?

ಹಿಂದೆ ಅವಧಿ ಮುಗಿಯುವ ಮೊದಲು ಲೆಟ್ಸ್ ಎನ್‌ಕ್ರಿಪ್ಟ್ ಇಮೇಲ್ ಕಳಿಸುತ್ತಿತ್ತು. 2025ರ ಜೂನ್‌ನಿಂದ ಅದು ನಿಂತಿದೆ, ಕಾವಲು ನಾವೇ ಇಡಬೇಕು.

ಕಾವಲು ಹೊರಗಿನಿಂದಿರಲಿ. ಬೇರೊಂದು ಯಂತ್ರದಲ್ಲಿ ದಿನಕ್ಕೊಮ್ಮೆ ಓಡುವ ಸ್ಕ್ರಿಪ್ಟ್ ಒಂದು ಓಪನ್‌ಎಸ್‌ಎಸ್‌ಎಲ್‌ನಿಂದ 993, 465ಕ್ಕೆ ನೇರವಾಗಿ, 25 ಮತ್ತು 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ (ಸಾದಾ ಸಂಪರ್ಕ ಶುರುಮಾಡಿ ಆಮೇಲೆ ಟಿಎಲ್‌ಎಸ್‌ಗೆ ಬದಲಾಗುವುದು) ಮೂಲಕ ಸಂಪರ್ಕಿಸಿ, ಬಂದ ಸರ್ಟಿಫಿಕೇಟಿನ ಕೊನೆಯ ದಿನಾಂಕ ಓದಲಿ. ಇಪ್ಪತ್ತು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಕೂಗಲಿ. 90 ದಿನದ ಸರ್ಟಿಫಿಕೇಟನ್ನು ಸರ್ಟ್‌ಬಾಟ್ 30 ದಿನ ಉಳಿದಿರುವಾಗಲೇ ನವೀಕರಿಸುವುದರಿಂದ, ಇಪ್ಪತ್ತಕ್ಕೆ ಇಳಿದಿದೆ ಎಂದರೆ ಹತ್ತು ದಿನದಿಂದ ಏನೋ ಕೆಟ್ಟಿದೆ ಎಂದೇ ಅರ್ಥ. ಅವಧಿ ಇನ್ನೂ ಚಿಕ್ಕದಾದರೆ ಈ ಅಂಕಿಯನ್ನೂ ಇಳಿಸಿಕೊಳ್ಳಿ. ಡಿಸ್ಕಿನ ಫೈಲ್ ನೋಡುವ ಕಾವಲು ಸಾಲದು, ಮೇಲೆ ಹೇಳಿದ ಡವ್‌ಕಾಟ್‌ನ ತೊಂದರೆ ಅದಕ್ಕೆ ಕಾಣುವುದಿಲ್ಲ.

ಕೂಗು ಇಮೇಲ್‌ನಲ್ಲಿ ಬರುವಂತೆ ಮಾಡಬೇಡಿ. ಕೆಟ್ಟಿರುವುದು ಅದೇ.

## ಪ್ರಯೋಗ ಮಾಡುತ್ತಾ ಮಿತಿ ದಾಟಿಬಿಟ್ಟೆ. ಈಗ?

ಒಂದೇ ಹೆಸರುಗಳ ಗುಂಪಿಗೆ ಏಳು ದಿನದಲ್ಲಿ ಐದು ಸರ್ಟಿಫಿಕೇಟ್ ಎಂಬುದು ಲೆಟ್ಸ್ ಎನ್‌ಕ್ರಿಪ್ಟ್‌ನ ಮಿತಿ. ಕಾಯಬೇಕು, ಅಷ್ಟೇ. ಕಂಟೇನರ್ ಎದ್ದಾಗಲೆಲ್ಲ ಹೊಸದು ತರಿಸಿಕೊಳ್ಳುವಂತೆ ಬರೆದವರು ಇದಕ್ಕೆ ಸಿಗುತ್ತಾರೆ. ಪ್ರಯೋಗಕ್ಕೆ ಲೆಟ್ಸ್ ಎನ್‌ಕ್ರಿಪ್ಟ್‌ನದೇ ಸ್ಟೇಜಿಂಗ್ (ಪರೀಕ್ಷಾ) ಸರ್ವರ್ ಬಳಸಿ, ಸರ್ಟಿಫಿಕೇಟ್ ಇರುವ ಜಾಗವನ್ನು ಕಂಟೇನರ್‌ನ ಹೊರಗಿಡಿ.

## ಎಂಟಿಎ-ಎಸ್‌ಟಿಎಸ್, ಡೇನ್ ಬೇಕೇ?

ಪೋರ್ಟ್ 25ರಲ್ಲಿ 'ಸಿಕ್ಕರೆ ಟಿಎಲ್‌ಎಸ್' ಎಂದೆನಲ್ಲ, ನಡುವೆ ಕೂತವರು ಟಿಎಲ್‌ಎಸ್ ಸಿಗದಂತೆ ಮಾಡಿದರೆ ಪತ್ರ ಬೆತ್ತಲೆಯಾಗಿ ಹೋಗುತ್ತದೆ. ಅದನ್ನು ತಡೆಯಲು ಇವೆರಡು.

ಎಂಟಿಎ-ಎಸ್‌ಟಿಎಸ್‌ನಲ್ಲಿ ಒಂದು ನೀತಿ ಫೈಲ್ ಅನ್ನು ಎಚ್‌ಟಿಟಿಪಿಎಸ್ ಮೂಲಕ ಪ್ರಕಟಿಸಬೇಕು. ಅದಕ್ಕೆ ಬೇರೆಯೇ ಒಂದು ಹೆಸರು, ಆ ಹೆಸರಿಗೂ ಸರ್ಟಿಫಿಕೇಟ್, ಅದಕ್ಕೂ ನವೀಕರಣ ಬೇಕು. ಜಿಮೇಲ್ ಇದನ್ನು ಪಾಲಿಸುತ್ತದೆ. ಮೊದಲು ಟೆಸ್ಟಿಂಗ್ ಸ್ಥಿತಿಯಲ್ಲಿಟ್ಟು, ಸಂಪರ್ಕ ಎಲ್ಲಿ ಸೋತಿತೆಂದು ಎದುರಿನ ಸರ್ವರ್‌ಗಳು ಕಳಿಸುವ ಟಿಎಲ್‌ಎಸ್-ಆರ್‌ಪಿಟಿ ವರದಿಗಳನ್ನು ತರಿಸಿಕೊಂಡು ಓದಿ, ಆಮೇಲೆ ಎನ್‌ಫೋರ್ಸ್‌ಗೆ (ಕಡ್ಡಾಯ ಸ್ಥಿತಿಗೆ) ಹೋಗಿ. ಎನ್‌ಫೋರ್ಸ್ ಆದ ಮೇಲೆ ಅವಧಿ ಮುಗಿದ ಸರ್ಟಿಫಿಕೇಟ್ ಎಂದರೆ ಬರುವ ಮೇಲ್ ಕೂಡ ನಿಲ್ಲುತ್ತದೆ.

ಡೇನ್‌ಗೆ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ದಾಖಲೆಗಳಿಗೆ ಸಹಿ ಹಾಕುವುದು) ಬೇಕು. ನಿಮ್ಮ ಕೀಲಿಯ ಗುರುತನ್ನು ಟಿಎಲ್‌ಎಸ್‌ಎ ದಾಖಲೆಯಲ್ಲಿ ಬರೆಯುತ್ತೀರಿ. ಸರ್ಟಿಫಿಕೇಟಿನ ಸ್ವಯಂಚಾಲನೆ ಡೇನ್‌ಗೆ ತಾಗುವುದು ಇಲ್ಲೇ: ಸರ್ಟ್‌ಬಾಟ್ ಪ್ರತಿ ನವೀಕರಣದಲ್ಲೂ ಹೊಸ ಖಾಸಗಿ ಕೀಲಿ ಹುಟ್ಟಿಸುತ್ತದೆ. ದಾಖಲೆಯಲ್ಲಿರುವುದು ಹಳೆಯ ಕೀಲಿಯ ಗುರುತು. ಡೇನ್ ನೋಡುವ ಸರ್ವರ್‌ಗಳು, ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಆನ್‌ಲೈನ್ ಸೇರಿ, ಆ ಕ್ಷಣದಿಂದ ಮೇಲ್ ತಡೆಹಿಡಿಯುತ್ತವೆ. ಅದೇ ಕೀಲಿಯನ್ನು ಮರುಬಳಸು ಎಂಬ ಆಯ್ಕೆ ಸರ್ಟ್‌ಬಾಟ್‌ನಲ್ಲಿದೆ, ಅದನ್ನು ಹಾಕಿ, ದಾಖಲೆಯನ್ನು 3 1 1 ಬಗೆಯಲ್ಲಿ (ಸರ್ಟಿಫಿಕೇಟಿನದಲ್ಲ, ಕೀಲಿಯ ಗುರುತು) ಬರೆಯಿರಿ. ಕೀಲಿ ಬದಲಿಸಲೇಬೇಕಾದಾಗ ಹೊಸ ಗುರುತನ್ನು ಮೊದಲು ಪ್ರಕಟಿಸಿ, ಹಳೆಯದರ ಟಿಟಿಎಲ್ (ದಾಖಲೆಯನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) ಮುಗಿಯಲು ಬಿಟ್ಟು, ಆಮೇಲೆ ಸರ್ಟಿಫಿಕೇಟ್ ಬದಲಿಸಿ. ಹೊಸಬರು ಎಂಟಿಎ-ಎಸ್‌ಟಿಎಸ್‌ನಿಂದ ಶುರುಮಾಡಿ, ಡೇನ್ ಆಮೇಲೆ ನೋಡೋಣ.

## ಸರ್ವರ್ ಒಂದು ರಾತ್ರಿ ಬಿದ್ದರೆ ಮೇಲ್ ಕಳೆದುಹೋಗುತ್ತದೆಯೇ?

ಇಲ್ಲ. ಕಳಿಸುವ ಸರ್ವರ್ ಪತ್ರವನ್ನು ಸಾಲಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಮಾಮೂಲಿಯಾಗಿ ಐದು ದಿನ ಕಾಯುತ್ತದೆ. ಗಾಬರಿಯಿಂದ ಅರ್ಧರಾತ್ರಿ ಏನೇನೋ ಬದಲಿಸುವುದಕ್ಕಿಂತ ಬೆಳಿಗ್ಗೆ ಎದ್ದು ಲಾಗ್ ಓದುವುದು ಲೇಸು.

ಹೋದರೆ ಬರದಿರುವುದು ನಿಮ್ಮ ಡಿಸ್ಕಿನಲ್ಲಿರುವ ಹಳೆಯ ಮೇಲ್. ಅದರ ಬ್ಯಾಕಪ್ ಬೇರೆ ಜಾಗದಲ್ಲಿರಲಿ, ತಿಂಗಳಿಗೊಮ್ಮೆ ಅದರಿಂದ ಒಂದು ಪೆಟ್ಟಿಗೆಯನ್ನು ಹಿಂದೆ ತಂದು ನೋಡಿ. ಡಿಕಿಮ್ ಕೀಲಿ, ಸಂರಚನಾ ಫೈಲ್‌ಗಳೂ ಅದರಲ್ಲಿರಲಿ. ಸರ್ಟಿಫಿಕೇಟ್ ಕಳೆದರೆ ಎರಡು ನಿಮಿಷದಲ್ಲಿ ಹೊಸದು ಸಿಗುತ್ತದೆ.

## ಮುಂದೊಂದು ದಿನ ಸಾಕೆನಿಸಿದರೆ ಹೇಗೆ ನಿಲ್ಲಿಸುವುದು?

ಆತುರಪಡದೆ. ಎಂಟಿಎ-ಎಸ್‌ಟಿಎಸ್ ನೀತಿಯನ್ನು ಮೊದಲು ನನ್ (ಯಾವ ಕಡ್ಡಾಯವೂ ಇಲ್ಲದ) ಸ್ಥಿತಿಗೆ ತಂದು, ದಾಖಲೆಯ ಗುರುತು ಸಂಖ್ಯೆ ಬದಲಿಸಿ, ಹಳೆಯ ನೀತಿಯ ಗರಿಷ್ಠ ಆಯಸ್ಸು ಮುಗಿಯುವವರೆಗೆ ಕಾಯಿರಿ. ಎಂಎಕ್ಸ್‌ನ ಟಿಟಿಎಲ್ ಇಳಿಸಿ, ಹೊಸ ಸೇವೆಗೆ ತಿರುಗಿಸಿ, ಹಳೆಯ ಪೆಟ್ಟಿಗೆಗಳನ್ನು ಐಮ್ಯಾಪ್‌ಸಿಂಕ್ ಎಂಬ ತಂತ್ರಾಂಶದಿಂದ ಸಾಗಿಸಿ. ಹಳೆಯ ಸರ್ವರ್ ಇನ್ನೂ ಒಂದು ವಾರ ಓಡುತ್ತಿರಲಿ, ತಡವಾಗಿ ಬರುವ ಪತ್ರಗಳಿರುತ್ತವೆ. ಡೊಮೈನ್ ಮಾತ್ರ ಬಿಡಬೇಡಿ. ಅದರ ನೋಂದಣಿ ತಪ್ಪಿದರೆ ಬೇರೆ ಯಾರಾದರೂ ಕೊಳ್ಳಬಹುದು, ಆಮೇಲೆ ನಿಮ್ಮ ಹಳೆಯ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೆಲ್ಲ ಅವರ ಪೆಟ್ಟಿಗೆಗೆ ಹೋಗುತ್ತವೆ. ಆ ವಿಳಾಸ ಬಳಸಿದ ಪ್ರತಿ ಖಾತೆಯನ್ನೂ ಹೊಸ ವಿಳಾಸಕ್ಕೆ ಬದಲಿಸಿದ ಮೇಲೂ ಕೆಲವು ವರ್ಷ ಅದರ ಶುಲ್ಕ ಕಟ್ಟುತ್ತಿರಿ.